ಕಥೆ ನಿಂತ ಜಾಗ

"ಅಯ್ಯೋ, ಇದೂ ಕೈಕೊಡ್ತಲ್ಲ ವಾಸಿಫಣ್ಣ!" ಇಂಪನಾಳ ಮುಖ ಸಣ್ಣಗಾಯಿತು. ಕಾರಿಗೆ ಕೂರಿಸಿದ ಮೊದಲ ಸ್ಟೀರಿಯೊ ಗೊರಗೊರ ಎಂದಿತ್ತು. ಈಗ ಎರಡನೆಯದು ಕಥೆಯ ನಡುವೆಯೇ ಸುಮ್ಮನಾಗಿತ್ತು. ಅದಕ್ಕೆ ಜೋಡಿಸಿದ್ದ ಅವಳ ಪುಟ್ಟ ಪ್ಲೇಯರಿನಲ್ಲಿದ್ದುದು ಹಾಡಲ್ಲ, ಅಜ್ಜಿ ಹಿಂದೆ ಹೇಳಿದ್ದ ಕಥೆಗಳು. ಲಕ್ವ ಹೊಡೆದು ಮಾತು ಬಿದ್ದುಹೋದ ಅಜ್ಜಿ ಹಿಂದಿನ ಸೀಟಿನಲ್ಲಿದ್ದಳು. ಅವಳ ದನಿಯನ್ನು ಅವಳಿಗೇ ಕೇಳಿಸಬೇಕೆಂಬುದು ಮೊಮ್ಮಗಳ ಆಸೆ.

"ವೈರ್ ಲೂಸಾಗೈತೆ ಕಣಮ್ಮ, ಇದ್ನೂ ಬಿಚ್ಚಿಬುಡ್ತೀನಿ," ಎಂದು ಮೆಕ್ಯಾನಿಕ್ ವಾಸಿಫ್ ಸ್ಟೀರಿಯೊಗೆ ಕೈಹಾಕಿದ.

ಅಷ್ಟರಲ್ಲಿ ಸ್ಪೀಕರಿನೊಳಗಿಂದ ಅಜ್ಜಿಯ ದನಿ ಗದರಿತು: "ಏನೇ, ನಿದ್ದೆ ಬಂತಾ? ನೀನು ಹೂಂ ಅನ್ದೆ ನಾನೆಂಗೆ ಮುಂದುಕ್ ಹೇಳ್ಲೇ?"

"ಹೂಂ..." ಎಂದಿತು ಹಿಂದಿನ ಸೀಟು.

ಇಂಪನಾ ಬೆಚ್ಚಿ ತಿರುಗಿದಳು. ಅಜ್ಜಿಯ ತುಟಿ ಇನ್ನೂ ಅದುರುತ್ತಿತ್ತು. ಮೊಮ್ಮಗಳು ವಾಸಿಫನಿಗೆ ಕೈಮುಗಿದಳು.

"ಬಿಚ್ಬೇಡಣ್ಣ, ಇದು ಕೆಟ್ಟಿಲ್ಲ, ಅಜ್ಜಿ ಹೂಂಗೆ ಕಾಯ್ತಿದ್ಲು ಅಷ್ಟೆ. ಇದೇ ಇರ್ಲಿ. ನಿನ್ನ ಹೊಟ್ಟೆ ತಣ್ಣಗಿರ್ಲಿ."