ಹಸಿರು ದಾವಣಿಯವಳ ಪಾಠ

ಪಾಸಾದ ಖುಷಿಯಲ್ಲಿ ಸರ್ವಮಂಗಳಾ ಪೇಡದ ಪೊಟ್ಟಣ ಹಿಡಿದು ಮಳೆಮರದ ಕಡೆಗೇ ಬರುತ್ತಿರುವುದನ್ನು ಕಂಡು ಕ್ಯಾಂಪಸ್ಸಿನ ಮಾಲಿ ಪುಟ್ಟಮಾದಯ್ಯ ಗಾಬರಿಯಾದ. ಗಿಡಗಳಿಗೆ ನೀರು ಬಿಡುತ್ತಿದ್ದ ಪೈಪು ಬಿಸಾಡಿ ಅಡ್ಡ ಬಂದ.

“ಪಾಸಾಯ್ತಲ್ಲ, ಸೀದಾ ನಿಮ್ಮೂರು ಕಡಕೊಳದ ಬಸ್ಸು ಹತ್ಬುಡು ಕಣವ್ವ. ಅತ್ಲಾಗೆ ಹೋಗ್ಬೇಡ.”

“ಅಕ್ಕಂಗೆ ಸ್ವೀಟ್ ಕೊಟ್ಟು ಬಂದ್ಬುಡ್ತೀನಿ ತಾತ.”

ಎರಡು ಸಲ ಡುಮ್ಕಿ ಹೊಡೆದ ಹುಡುಗಿ. ಈ ಸಲವೂ ಹೋಗಿದ್ದರೆ ಓದಿಗೆ ಎಳ್ಳುನೀರೇ ಗತಿ. ಮನೆಯಲ್ಲಿ ಕೂರಲು ಮೂಲೆಯೂ ಸಿಗದೆ ಬೇಸಿಗೆಯಿಡೀ ಆ ಮರದ ನೆರಳಲ್ಲೇ ಓದಿದ್ದಳು. ಎದುರಿಗೆ ಹಸಿರು ದಾವಣಿಯವಳೊಬ್ಬಳು ಕೂತು, ದಿನಾ ಇವಳಿಂದ ಪಾಠ ಒಪ್ಪಿಸಿಕೊಂಡು ತಿದ್ದುತ್ತಿದ್ದಳು. ಪಾಸಾದರೆ ನಿಮ್ಮ ಪಾಠ ನಾನು ಒಪ್ಪಿಸಿಕೊಳ್ತೀನಿ ಅಕ್ಕ ಎಂದು ಈ ಪೆದ್ದಿ ಮಾತು ಕೊಟ್ಟದ್ದು ಪುಟ್ಟಮಾದಯ್ಯನ ಕಿವಿಗೂ ಬಿದ್ದಿತ್ತು.

“ಎಪ್ಪತ್ತೈದ್ನೇ ಇಸ್ವೀಲಿ ನಾನು ಕೆಲಸಕ್ಕೆ ಸೇರ್ದಾಗ್ಲೇ ಅಲ್ಲಿ ಕೂತಿದ್ಲು ಕಣವ್ವ. ಈಗ ತೊಂಬತ್ತೊಂಬತ್ತು. ನನ್ನ ತಲೆ ಬೆಳ್ಳಗಾಯ್ತು, ಆಕೆಗೆ ಇನ್ನೂ ಇಪ್ಪತ್ತೇ. ಎಷ್ಟು ಮಕ್ಳನ್ನ ಪಾಸು ಮಾಡಿಸವ್ಳೆ! ಪಾಸಾದ್ಮೇಲೆ ಒಬ್ರೂ ಆ ಮರದ ಹತ್ರ ತಿರುಗಿ ಬರ್ಲಿಲ್ಲ, ಅದಕ್ಕೇ ಬದುಕ್ಕೊಂಡ್ರು.”

ಸರ್ವಮಂಗಳಾ ಕಿಸಕ್ಕನೆ ನಕ್ಕಳು. “ಹಾಡುಹಗಲಲ್ಲೇ ಹೆದರಿಸ್ತೀರಲ್ಲ ತಾತ! ಅವರಿಲ್ದಿದ್ರೆ ನಾನೆಲ್ಲಿ ಪಾಸಾಗ್ತಿದ್ದೆ? ಕೊಟ್ಟ ಮಾತಿಗೆ ತಪ್ಪೋದಾ?” ಎನ್ನುತ್ತ ಅವನ ಪಕ್ಕದಿಂದ ನುಸುಳಿಕೊಂಡು ಹೋಗಿಯೇ ಬಿಟ್ಟಳು.

ಅವನ ಕಾಲು ಮಾತ್ರ ಮುಂದಕ್ಕೆ ಬರಲೊಲ್ಲದು. ನಿಂತಲ್ಲೇ ನೋಡಿದ. ಹಸಿರು ದಾವಣಿಯವಳು ಪೇಡದ ಕಡೆ ಕಣ್ಣೂ ಹಾಯಿಸಲಿಲ್ಲ. ತನ್ನ ಹಳೇ ನೋಟ್‌ಬುಕ್ಕನ್ನು ಸರ್ವಮಂಗಳಾಳ ಕೈಗಿಟ್ಟು, ಕಣ್ಣು ಮುಚ್ಚಿ ಪಾಠ ಒಪ್ಪಿಸತೊಡಗಿದಳು. ಒಂದಕ್ಷರ ತಪ್ಪಲಿಲ್ಲ, ಎಲ್ಲೂ ತಡವರಿಸಲಿಲ್ಲ. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಥಟ್ಟನೆ ನಿಲ್ಲಿಸಿ ಕೇಳಿದಳು.

“ಆಮೇಲೆ?”

ಸರ್ವಮಂಗಳಾ ಹಾಳೆ ಮಗುಚಿದಳು. “ಮುಂದಿಂದು ಇಲ್ಲ ಅಕ್ಕ. ಗೆದ್ದಲು ತಿಂದ್ಬುಟ್ಟಿದೆ. ನಾನು ಹೊರಡ್ಲಾ? ಬಸ್ಸಿಗೆ ಹೊತ್ತಾಯ್ತು.”

“ನೆನಪು ಮಾಡ್ಕೋತೀನಿ,” ಎಂದಳು ಅವಳು, ಕಣ್ಣು ತೆರೆಯದೆ. “ಅಲ್ಲೀವರೆಗೂ ಕೂತಿರು.”

ಮರುದಿನ ಬೆಳಿಗ್ಗೆ ಪುಟ್ಟಮಾದಯ್ಯ ಕಣ್ಣೊರೆಸಿಕೊಳ್ಳುತ್ತ ಮಳೆಮರದ ಕೆಳಗಿನ ಎಲೆ ಗುಡಿಸಿದ, ಇಷ್ಟು ವರ್ಷ ಒಬ್ಬಳಿಗೆ ಬಿಡುತ್ತಿದ್ದ ಕಡೆ ಈಗ ಇಬ್ಬರು ಕೂರುವಷ್ಟು ಜಾಗ ಬಿಟ್ಟು.