ಹಿಂದಿನ ಸೀಟು

ಮೊದಲು ಅವನ ಕಣ್ಣಿಗೆ ಬಿದ್ದದ್ದು ಎಡಗಾಲಿನದು.

ಗೆಳೆಯನ ಮನೆಯ ಚಪ್ಪಲಿ ಗೂಡಿನ ಕೆಳಗಿನ ಅಂತಸ್ತಿನಲ್ಲಿ, ಹಳೆಯ ಸ್ಲಿಪ್ಪರುಗಳ ಹಿಂದೆ, ಕಂದು ಬಣ್ಣದ ಹೆಂಗಸರ ಬೂಟುಗಳ ಜೋಡಿಯೊಂದು ಅಡಗಿತ್ತು. ಬೂಟು ಹೊಲಿಯುವವನಿಗೆ ತನ್ನ ಹೊಲಿಗೆ ತಿಳಿಯದೆ? ಹೆಂಡತಿಯ ಪಾದದ ಅಳತೆ ತೆಗೆದು, ಅವನೇ ಕೂತು ಹೊಲಿದ ಜೋಡಿ ಅದು. ರೈಲಿನಲ್ಲಿ ಕಳೆದುಹೋಯಿತೆಂದು ಅವಳು ಕಣ್ಣಲ್ಲಿ ನೀರು ತಂದುಕೊಂಡಿದ್ದಳು.

ರೈಲು ಈ ಮನೆಯ ಮುಂದೆ ನಿಲ್ಲುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಬೂಟನ್ನು ಕಿಟಕಿಯ ಬೆಳಕಿಗೆ ಹಿಡಿದ. ಅಟ್ಟೆ ಹೊಸದರಂತಿತ್ತು. ಸವೆದದ್ದು ಎಡಗಾಲಿನ ಬೆರಳುಗಳ ಮೇಲಿನ ಚರ್ಮ ಮಾತ್ರ. ನಡೆದರೆ ಅಟ್ಟೆ ಸವೆಯುತ್ತದೆ, ಮೇಲ್ಚರ್ಮ ಸವೆಯಬೇಕಾದರೆ? ಸದ್ದಾಗದಂತೆ ಬಾಗಿಲನ್ನು ಕಾಲಿನಿಂದ ತಳ್ಳಿಕೊಂಡು ಒಳಗೆ ಬರುವ ಹೆಂಗಸೊಬ್ಬಳು ಅವನ ಕಣ್ಣ ಮುಂದೆ ಸುಳಿದಳು. ಅನುಮಾನಕ್ಕೆ ಕಸುಬಿನ ಜ್ಞಾನವೂ ಸೇರಿದರೆ ಕೇಳಬೇಕೆ!

ಅವನು ಇಲ್ಲಿಗೆ ಬಂದದ್ದು ಮನೆ ಕಾಯಲು. ಫೋಟೋಗ್ರಾಫರ್ ಗೆಳೆಯನಿಗೂ, ಔಷಧಿ ಅಂಗಡಿ ನಡೆಸುವ ಅವನ ಹೆಂಡತಿಗೂ ಚಳಿಗಾಲ ಬಂತೆಂದರೆ ಹಿಮದ ದಾರಿಯಲ್ಲಿ ಬೈಕ್ ಪ್ರವಾಸದ ಹುಚ್ಚು. ಬೀಗದ ಕೈ ಕೊಡಲು ಬಂದ ಗೆಳೆಯನ ಹೆಂಡತಿ ಇವನ ಬೂಟಿನಂಗಡಿಯ ಮೆಟ್ಟಿಲು ಹತ್ತಲಿಲ್ಲ.

“ಗಿಡಕ್ಕೆ ನೀರು, ಬೆಕ್ಕಿಗೆ ಹಾಲು, ಅಷ್ಟೇ ಅಣ್ಣಾ. ಹೇಗೂ ನಿಮ್ಮವಳು ಅಕ್ಕನ ಮನೆಗೆ ಹೋಗ್ತಿದ್ದಾಳಲ್ಲ, ನೀವೊಬ್ಬರೇ ಅಲ್ಲಿದ್ದು ಏನು ಮಾಡ್ತೀರಿ?” ಎಂದಿದ್ದಳು, ಅವನ ಮುಖ ನೋಡದೆ.

ಆ ನೋಡದಿರುವಿಕೆ ಕನಿಕರ ಎಂದು ಅವನಿಗೆ ಈಗ ಹೊಳೆಯಿತು.

ಅವನು ಎರಡು ಚಕ್ರದ ವಾಹನ ಮುಟ್ಟಿದವನಲ್ಲ. ಅಣ್ಣ ಬೈಕಿನಿಂದ ಬಿದ್ದದ್ದನ್ನು ಕಣ್ಣಾರೆ ಕಂಡವನು. ಮದುವೆಯಾದ ಹೊಸತರಲ್ಲಿ ಹೆಂಡತಿ ಬೈಕಿನ ಮಾತೆತ್ತಿದಾಗ, “ನಾನು ಬದುಕಿರೋ ತನಕ ಬೇಡ” ಎಂದಿದ್ದ. ಅವಳು ಮತ್ತೆ ಕೇಳಲಿಲ್ಲ. ಕೇಳದ್ದನ್ನು ಅವನು ಒಪ್ಪಿಗೆ ಎಂದುಕೊಂಡಿದ್ದ.

ಹುಡುಕಾಟ ಶುರುವಾಯಿತು. ಬೀರುವಿನಲ್ಲಿ ಗೆಳೆಯನ ದಪ್ಪ ಚರ್ಮದ ಜಾಕೆಟ್ಟು ತೂಗಾಡುತ್ತಿತ್ತು. ಜೇಬಿನಲ್ಲಿ ಕೈಗವಸು ಹಾಗೆಯೇ ಇತ್ತು. ಹಳೆಯದನ್ನು ಬಿಟ್ಟು ಹೊಸದು ಕೊಂಡಿದ್ದಾನೆ! ಯಾರಿಗಾಗಿ ಈ ಹೊಸ ಶೋಕಿ?

ಫೋಟೋಗಳ ಕೋಣೆಯಲ್ಲಿ ಉತ್ತರ ಸಿಕ್ಕಿತು. ಗೋಡೆಯ ಮೇಲೆ ಅವನ ಹೆಂಡತಿ. ಕೆದರಿದ ಕೂದಲು, ಗಾಳಿಗೆ ಕೆಂಪಾದ ಮೂಗು, ಹಲ್ಲೆಲ್ಲ ಕಾಣುವ ನಗು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಅವನೆದುರು ಹಾಗೆ ನಕ್ಕದ್ದೇ ಇಲ್ಲ. ಅವಳು ಇಲ್ಲಿಗೆ ಬಂದಳೆಂಬುದಕ್ಕಿಂತ, ಈ ನಗು ಇನ್ನೊಬ್ಬನ ಗೋಡೆಯ ಮೇಲಿದೆ ಎಂಬುದು ಅವನ ಹೊಟ್ಟೆಯಲ್ಲಿ ಕೆಂಡ ಸುರಿಯಿತು.

ಹೆಂಡತಿಯ ಅಕ್ಕನಿಗೆ ಫೋನು ಹಚ್ಚಿದ.

“ಅವಳಾ? ಸ್ನಾನಕ್ಕೆ ಹೋಗಿದ್ದಾಳಪ್ಪಾ.”

“ಬೆಳಿಗ್ಗೆ ಕೇಳಿದಾಗಲೂ ಸ್ನಾನ ಅಂದ್ರಿ.”

“ಹೌದಾ? ಅದೇನೋ... ಚಳಿಗಾಲ ಅಲ್ವಾ?”

“ಚಳಿಗಾಲದಲ್ಲಿ ಎರಡೆರಡು ಸಲವಾ ಅಕ್ಕಾ?”

ಲೈನು ಕಡಿಯಿತು. ಅಕ್ಕನಿಗೂ ಗೊತ್ತು. ಊರಿಗೆಲ್ಲ ಗೊತ್ತು. ಕಟ್ಟಿಕೊಂಡವನೊಬ್ಬ ಬೆಕ್ಕಿಗೆ ಹಾಲು ಹಾಕುತ್ತಿದ್ದಾನೆ.

ಅಷ್ಟರಲ್ಲಿ ಫೋಟೋಗ್ರಾಫರನ ನಂಬರಿನಿಂದ ಒಂದು ಚಿತ್ರ ಬಂತು. ಹಿಮ ಮೆತ್ತಿದ ರಸ್ತೆ, ಬೈಕು, ಹೆಲ್ಮೆಟ್ ತೊಟ್ಟ ಇಬ್ಬರು. ಹಿಂದೆ ಕೂತವಳ ಒಂದು ಕೈ ಮುಂದಿನವರ ಸೊಂಟ ಬಳಸಿತ್ತು, ಇನ್ನೊಂದು ಆಕಾಶಕ್ಕೆ ಚಾಚಿತ್ತು. ಕೊರಳಿಗೆ ಸುತ್ತಿದ್ದದ್ದು ನೀಲಿ ಶಾಲು. ಹೆಂಡತಿಗೆ ಅವನೇ ಆರಿಸಿ ತಂದದ್ದು. ಕೆಳಗೊಂದು ಸಾಲು: “ಹೊಟ್ಟೆ ಉರೀತಾ?”

ನಾಯಿಗೆ ಹೊಡೆದಂತೆ ಹೊಡೆಯುವುದೆಂದರೆ ಇದೇ. ಅದೇ ನಂಬರು ಒತ್ತಿದ.

“ನನ್ನ ಹೆಂಡತಿಗೆ ಫೋನು ಕೊಡು.”

“ಅಯ್ಯೋ, ಇನ್ನೂ ಹೇಳಿರಲಿಲ್ವಾ ಅವಳು? ಹೊರಡೋ ಮುಂಚೆ ಹೇಳೇ ಹೇಳ್ತೀನಿ ಅಂದಿದ್ಲು ಕಣೋ. ನಿನ್ನ ಮುಖ ನೋಡಿದ ಕೂಡ್ಲೇ ಧೈರ್ಯ ಸಾಲಲ್ಲ ಅವಳಿಗೆ.”

“ಯಾವಾಗಿಂದ ನಡೀತಿದೆ?”

“ಇದು ಮೂರನೇ ಚಳಿಗಾಲ.”

ಅವನು ಗೋಡೆಗೆ ಒರಗಿದ. “ನಿನ್ನ ಹೆಂಡತಿಗೆ ಗೊತ್ತಾ?”

“ಅವಳಿಗೆ ಗೊತ್ತಿಲ್ದೆ ಹೇಗೋ? ಶುರು ಹಚ್ಚಿದ್ದೇ ಅವಳು. ನಾನೂ ಒಪ್ಪಿದೆ. ನಿನ್ನವಳ ಖುಷಿ ನೋಡಿದ್ರೆ ನೀನೂ ಒಪ್ತೀಯ.”

“ನಾಚಿಕೆ ಆಗಲ್ವೇನೋ?”

“ಮುಚ್ಚಿಟ್ಟಿದ್ದಕ್ಕೆ ಆಗತ್ತೆ. ಉಳಿದಿದ್ದಕ್ಕೆ ಯಾಕೆ?”

ಹೇಳಬೇಕಾದದ್ದನ್ನು ಹಲ್ಲು ಕಚ್ಚಿ ಹೇಳಿದ.

“ಹಾಗಾದ್ರೆ ಕೇಳು. ಆ ಶಾಲು ನಾನು ಕೊಡಿಸಿದ್ದು. ಅದನ್ನ ಸುತ್ತಿದವಳನ್ನ ಬೆನ್ನಿಗೆ ಅಂಟಿಸಿಕೊಂಡು ಮೆರೀತಿದ್ದೀಯಲ್ಲ, ಇನ್ನು ಮೇಲೆ ನೀನೇ ಇಟ್ಕೋ. ನನ್ನ ಮನೆ ಹೊಸ್ತಿಲು ಮಾತ್ರ ಅವಳು ತುಳೀಬಾರದು.”

ಫೋನಿನಲ್ಲಿ ಯಂತ್ರಗಳ ಗಡಗಡ ಸದ್ದು. ಯಾರೋ ದೂರದಿಂದ, “ಸಾರ್, ಲೈಟ್ ಸರಿ ಇದೆ, ತೆಗೀಬಹುದು” ಎಂದು ಕೂಗಿದರು.

“ನನ್ನ ಬೆನ್ನಿಗಾ?” ಫೋಟೋಗ್ರಾಫರನ ದನಿಯಲ್ಲಿ ದಿಗಿಲಿತ್ತು. “ನಾನಿಲ್ಲಿ ಬೇರೆ ಊರಿನ ಕಾರ್ಖಾನೆಯಲ್ಲಿ ಕ್ಯಾಲೆಂಡರಿಗೆ ಫೋಟೋ ತೆಗೀತಿದ್ದೀನಿ ಕಣೋ! ಅವರು ಕಳಿಸಿದ ಚಿತ್ರಾನೇ ನಿನಗೆ ಕಳಿಸಿದ್ದು. ಚಳಿಗೆ ಆ ಶಾಲು ಇಸ್ಕೊಂಡು ಹಿಂದೆ ಕೂತಿರೋದು ನನ್ನ ಹೆಂಡತಿ. ಎಡಗಾಲಲ್ಲಿ ಗೇರ್ ಹಾಕ್ತಾ ಬೈಕ್ ಓಡಿಸ್ತಿರೋದು ನಿನ್ನವಳು.”