ಮರಳಿನ ಗಂಟು

“ಆ ಮೂರು ನಿಮಿಷದ ಮಾತು ಅಳಿಸಿಬಿಡು ತಾಯಿ. ನಿನ್ನ ಕಾಲಿಗೆ ಬೀಳ್ತೀನಿ,” ಎಂದಳು ನಸೀಮಾ.

ಮೇಧಾ ಹೆಡ್‌ಫೋನ್ ತೆಗೆದು ಗಾಬರಿಯಿಂದ ಎದ್ದು ನಿಂತಳು. ಅರವತ್ತು ದಾಟಿದ ಹೆಂಗಸು ಭದ್ರಾವತಿಯಿಂದ ಬಸ್ಸು ಹತ್ತಿ, ಗಂಡ ಬಾಬು ಸಾಬನನ್ನೂ ಎಳೆದುಕೊಂಡು, ಶಿವಮೊಗ್ಗದ ವಿದ್ಯಾನಗರದ ಈ ಪುಟ್ಟ ರೆಕಾರ್ಡಿಂಗ್ ಕೋಣೆಗೆ ಬಂದು ಹೀಗೆ ಕೈಮುಗಿದು ನಿಂತರೆ ಯಾರ ಜೀವ ತಾನೇ ತಡೆದೀತು! ಮೇಧಾ ವಿಶ್ವವಿದ್ಯಾಲಯವೊಂದರ ಸಂಶೋಧಕಿ. ಕಡಲು ಕೊರೆದುಕೊಂಡು ಹೋದ ಊರುಗಳ ಜನ ಏನನ್ನು ಉಳಿಸಿಕೊಂಡರು, ಮತ್ತೆ ಬದುಕು ಹೇಗೆ ಕಟ್ಟಿಕೊಂಡರು ಎಂಬುದು ಅವಳ ವಿಷಯ. ಹದಿನೈದು ದಿನಕ್ಕೊಮ್ಮೆ ಅದು ಪಾಡ್‌ಕಾಸ್ಟ್ ಆಗಿ ಜನರ ಕಿವಿಗೆ ಬೀಳುತ್ತಿತ್ತು. ನಸೀಮಾಳ ತವರು ಹೊನ್ನಾವರದ ಕಡೆಯ ಒಂದು ಕೇರಿ. ಈಗ ಅದು ನೀರಿನಡಿ ಇದೆ. ನಾಳೆ ಬೆಳಿಗ್ಗೆ ಅವಳದೇ ಕಂತು.

“ಯಾವ ಮೂರು ನಿಮಿಷ ಆಂಟಿ?” ಎಂದು ಮೇಧಾ ಕೇಳಿದಳಾದರೂ, ಯಾವುದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಕಡಲು ಕಬರಸ್ತಾನದ ಗೋಡೆಯನ್ನು ಕೆಡವಿದ ವರ್ಷ ಕೇರಿಯವರೆಲ್ಲ ಸೇರಿ ತಮ್ಮ ತಮ್ಮವರ ಗೋರಿಗಳನ್ನು ಅಗೆದು, ಮೂಳೆಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಗುಡ್ಡದ ಬದಿಯ ಹೊಸ ಜಾಗದಲ್ಲಿ ಮತ್ತೆ ದಫನ್ ಮಾಡಿದ್ದರು. ಹೆಂಗಸರು ಕಬರಸ್ತಾನದೊಳಗೆ ಕಾಲಿಡುವ ಪದ್ಧತಿ ಇರಲಿಲ್ಲ. ನಸೀಮಾ ಆಗ ಹನ್ನೊಂದರ ಹುಡುಗಿ; ನೀರಿನ ತಂಬಿಗೆ ಹಿಡಿದು ಅಬ್ಬಾನ ಹಿಂದೆ ಹೋಗಿದ್ದಳು. ಅಕ್ಕ ಜೈತುನಬಿಯ ಗಂಡುಮಗು ನಲವತ್ತು ದಿನಕ್ಕೇ ತೀರಿಹೋಗಿತ್ತು. ಅದರ ಗೋರಿಯನ್ನು ಎಷ್ಟು ಅಗೆದರೂ ಏನೂ ಸಿಗಲಿಲ್ಲ. ಅಬ್ಬಾ ಸುತ್ತಮುತ್ತ ನೋಡಿ, ಎರಡು ಬೊಗಸೆ ಮರಳನ್ನು ಬಟ್ಟೆಗೆ ತುಂಬಿ ಗಂಟು ಹಾಕಿದರು. ಅಕ್ಕನಿಗೆ ಹೇಳಬೇಡ ಎಂದರು. ಐವತ್ತು ವರ್ಷ ನಸೀಮಾ ತುಟಿ ಬಿಚ್ಚಲಿಲ್ಲ. ಸಂದರ್ಶನದ ದಿನ ಮೇಧಾ ಕಣ್ಣು ತುಂಬಿಕೊಂಡು ಕೇಳುತ್ತ ಕೂತಿದ್ದಾಗ, ಮೈಕು ಇದೆ ಎಂಬುದನ್ನೂ ಮರೆತು ಎಲ್ಲ ಹೇಳಿಬಿಟ್ಟಳು.

“ಆಪಾ ಇನ್ನೂ ಇದ್ದಾಳಮ್ಮ. ಎಪ್ಪತ್ತೈದು ವರ್ಷ. ಆ ಮಗು ಬಿಟ್ರೆ ಅವಳಿಗೆ ಮಕ್ಕಳೇ ಆಗ್ಲಿಲ್ಲ. ಪ್ರತಿ ಶುಕ್ರವಾರ ಹೊಸ ಕಬರಸ್ತಾನದ ಗೋಡೆ ಹೊರಗೆ ನಿಂತು ಅವನಿಗೆ ಫಾತಿಹಾ ಓದ್ತಾಳೆ. ಇರೋದು ಅದೊಂದು ಗೋರಿ. ಅದನ್ನೂ ನಾನೇ ಕಿತ್ಕೊಳ್ಳಲಾ?”

“ಆಂಟಿ, ತಪ್ಪು ತಿಳ್ಕೋಬೇಡಿ. ಕಡಲ್ಕೊರೆತ ಅಂದ್ರೆ ಎಲ್ಲರೂ ಕಲ್ಲಿನ ತಡೆಗೋಡೆ ಬಗ್ಗೆನೇ ಮಾತಾಡ್ತಾರೆ. ಮನುಷ್ಯರು ಏನು ಕಳ್ಕೊಂಡ್ರು ಅನ್ನೋದು ನಿಮ್ಮೊಬ್ಬರ ಮಾತಲ್ಲೇ ಇರೋದು. ಹೆಸರು ಬದಲಾಯಿಸಿದ್ರೆ ಆಗಲ್ವಾ?”

“ಹೆಸರು ಯಾಕೆ ಬೇಕು? ನಾನು ಕೆಮ್ಮಿದ್ರೆ ಸಾಕು, ಆಪಾಗೆ ಗೊತ್ತಾಗುತ್ತೆ.”

ಮೇಧಾಳಿಗೆ ಒಂದು ಗಳಿಗೆ ಸಿಟ್ಟೇ ಬಂತು. ಎಂಟು ತಿಂಗಳು ಊರೂರು ಅಲೆದದ್ದು ಇಂಥ ಮೂರು ನಿಮಿಷಕ್ಕಾಗಿಯೇ ಅಲ್ಲವೇ? ಆದರೆ ಎದುರಿಗಿದ್ದವಳ ಮುಖ ನೋಡಿ, ಸಿಟ್ಟು ಬಂದದ್ದಕ್ಕೇ ನಾಚಿಕೆಯಾಯಿತು. ಸುಮ್ಮನೆ ಕಂಪ್ಯೂಟರಿನ ಮುಂದೆ ಕೂತು, ಅಷ್ಟು ಮಾತನ್ನು ಕತ್ತರಿಸಿ ತೆಗೆದಳು. “ಹೋಯ್ತು ಆಂಟಿ,” ಎಂದಳು. ನಸೀಮಾ ಕುರ್ಚಿಯಲ್ಲಿ ಕುಸಿದು ಕೂತು, ಕೊಟ್ಟ ನೀರನ್ನು ಗಟಗಟನೆ ಕುಡಿದಳು.

“ಆದ್ರೆ ಆಂಟಿ, ಹಾಕೋಕೆ ಮುಂಚೆ ಪೂರ್ತಿ ಕೇಳಿ ಒಪ್ಪಿಗೆ ಕೊಡಿ ಅಂತ ಮೊನ್ನೆನೇ ಕಳಿಸಿದ್ನಲ್ಲ? ‘ಬಹಳ ಚೆನ್ನಾಗಿದೆ’ ಅಂತ ಸಾಬರ ಫೋನಿಂದ ಉತ್ತರ ಬಂತು.”

ಇಬ್ಬರೂ ಬಾಬು ಸಾಬನ ಕಡೆ ತಿರುಗಿದರು. ಲಾರಿ ಇಂಜಿನ್ನಿನ ಸದ್ದನ್ನೂ ಮೀರಿಸಿ ಮಾತಾಡಿಯೇ ನಲವತ್ತು ವರ್ಷ ಮೆಕ್ಯಾನಿಕ್ ಕೆಲಸ ಮಾಡಿದ ಮನುಷ್ಯ, ಇವತ್ತು ಬಸ್ಸಿನುದ್ದಕ್ಕೂ ತುಟಿಪಿಟಕ್ಕೆಂದಿರಲಿಲ್ಲ.

“ಪೂರ್ತಿ ಕೇಳ್ಲಿಲ್ಲ ನಾನು,” ಎಂದ ಮೆಲ್ಲಗೆ. “ಶುರುನಲ್ಲೇ ‘ಭದ್ರಾವತಿಯ ನಸೀಮಾ ಅವರು’ ಅಂತ ಬಂತಲ್ಲ, ಖುಷಿಯಾಯ್ತು. ನನ್ನ ಹೆಂಡತಿ ಹೆಸರು ಯೂನಿವರ್ಸಿಟಿಯೋರು ಹೇಳ್ತಿದ್ದಾರೆ ಅಂತ… ನಿನ್ನೆನೇ ಖಾಂದಾನ್ ಗ್ರೂಪಿಗೆ ಹಾಕ್ಬಿಟ್ಟೆ. ನಿನ್ನ ತವರಿನೋರೆಲ್ಲ ಇದ್ದಾರೆ ಅದ್ರಲ್ಲಿ. ಬೆಳಿಗ್ಗೆ ನೀನು ಅದನ್ನ ಕೇಳಿ ಅಳ್ತಿದ್ದೆ. ಹೇಳೋಕೆ ಧೈರ್ಯ ಬರ್ಲಿಲ್ಲ ನಂಗೆ.”

“ಅಯ್ಯೋ ಅಲ್ಲಾ! ಎಂಥ ಕೆಲಸ ಮಾಡಿಟ್ರಿ!” ನಸೀಮಾ ಹಣೆ ಹಿಡಿದುಕೊಂಡಳು.

ಈಗಲೇ ಅಳಿಸುತ್ತೇನೆಂದು ಬಾಬು ಸಾಬ್ ಫೋನು ತಡಕಾಡುತ್ತಿರುವಾಗಲೇ ಅದು ಹೊಡೆದುಕೊಂಡಿತು. ಅಕ್ಕನನ್ನು ನೋಡಿಕೊಳ್ಳುವ, ತಮ್ಮನ ಮಗಳು ಸಮ್ರೀನಳ ಕರೆ. ನಸೀಮಾ ಕಿವಿಗೆ ಹಿಡಿಯುವ ಮೊದಲೇ ಅಕ್ಕನ ದನಿ ಕೋಣೆಯಲ್ಲೆಲ್ಲ ಕೇಳಿಸಿತು.

“ನಸೀ, ಸಮ್ರೀನ್ ಹಾಕಿ ಕೇಳಿಸಿದ್ಳು.”

“ಆಪಾ, ಮಾಫ್ ಮಾಡು. ಅಬ್ಬಾ ಹೇಳ್ಬೇಡ ಅಂದಿದ್ರು. ನಂಗೆ ಆಗ ಏನೂ ತಿಳೀತಿರ್ಲಿಲ್ಲ.” ನಸೀಮಾ ಬಿಕ್ಕಿ ಬಿಕ್ಕಿ ಅತ್ತಳು.

ಮೇಧಾ ತಲೆ ತಗ್ಗಿಸಿ ಕೂತಿದ್ದಳು.

“ಅಳಬೇಡ ಮಾರಾಯ್ತಿ. ಅಬ್ಬಾನ ಮೇಲೂ ಸಿಟ್ಟಿಲ್ಲ ನಂಗೆ. ಒಂದೇ ಒಂದು ಹೇಳು. ಹಾಗಾದ್ರೆ ನನ್ನ ಮಗ ಕಡಲಲ್ಲೇ ಇದ್ದಾನೆ, ಅಲ್ವಾ?”

“ಹೂಂ, ಆಪಾ.”

“ಅಯ್ಯೋ, ಐವತ್ತು ವರ್ಷ ನಾನು ಗುಡ್ಡದ ಕಡೆ ಮುಖ ಮಾಡಿ, ಕಡಲಿಗೆ ಬೆನ್ನು ಹಾಕಿ ನಿಂತು ಓದಿದ್ನಲ್ಲೇ!”